ಸಾಹೇಬರ ಧ್ವನಿಯಲ್ಲಿ ಕೊಟ್ಟ ಅಡುಗೆಮನೆ

ಮೊದಲೇ ಹೇಳಿಬಿಡುತ್ತೇನೆ. ನನ್ನದಲ್ಲದ ಒಂದು ಅಡುಗೆಮನೆಯನ್ನು, ನನ್ನದಲ್ಲದ ಧ್ವನಿಯಲ್ಲಿ, ಫೋನಿನಲ್ಲೇ ಒಬ್ಬ ಹೆಂಗಸಿಗೆ ಕೊಟ್ಟುಬಿಟ್ಟವನು ನಾನು. ಕುಡಿದಿರಲಿಲ್ಲ. ಕೊರೋನಾದ ಆ ದಿನಗಳಲ್ಲಿ ಕುಡಿಯಲು ಏನೂ ಸಿಗುತ್ತಲೂ ಇರಲಿಲ್ಲ. ಪರೋಪಕಾರದ ಬುದ್ಧಿಯೂ ಇರಲಿಲ್ಲ. ಇತ್ತು ಎಂದು ಆಮೇಲೆ ಕೆಲವರು ಹೇಳಿದಾಗ ನಾನು ತಲೆ ತಗ್ಗಿಸಿ ಒಪ್ಪಿಕೊಂಡದ್ದು ಬೇರೆ ವಿಷಯ. ಬಾಯಿಯ ಚಪಲ, ಅಷ್ಟೆ.

ಈಗ ನಾನು ನಿವೃತ್ತ. ವಯಸ್ಸು ಮೂವತ್ತೊಂದು. ಗುತ್ತಿಗೆ ನೌಕರಿಯ ಒಂದು ಸೌಲಭ್ಯವೆಂದರೆ ನಿವೃತ್ತಿಗೆ ಅರುವತ್ತರವರೆಗೆ ಕಾಯಬೇಕಾಗಿಲ್ಲ. ಒಂದು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಅವಧಿ ಮುಗಿದಿದೆ, ಸೇವೆಗೆ ಧನ್ಯವಾದ. ಅದನ್ನೂ ಸಾಹೇಬರು ಬಾಯಿಬಿಟ್ಟು ಹೇಳಲಿಲ್ಲ, ಕಂಪ್ಯೂಟರ್ ಹೇಳಿತು. ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಸಿಗಲಿಲ್ಲ. ಎದುರಿನ ಮೇಜಿನ ಲವೀನಾ ಒಂದು ಪ್ಲೇಟ್ ಗೋಳಿಬಜೆ ತರಿಸಿ ಅರ್ಧ ತಾನೇ ತಿಂದಳು. ಆದರೂ ನಿವೃತ್ತನಾದವನು ಅನುಭವ ಬರೆಯಬೇಕು, ಕಿರಿಯರಿಗೆ ಬುದ್ಧಿ ಹೇಳಬೇಕು. ನನ್ನ ಕುರ್ಚಿಗೆ ಬಂದಿರುವ ಕಿರಿಯ ನನಗಿಂತ ಎರಡು ವರ್ಷ ದೊಡ್ಡವನಂತೆ. ಇರಲಿ, ಅವನೂ ಓದಲಿ.

ಇದಕ್ಕೆ ಮೊದಲು ನಾನು ಮದುವೆಗಳ ಎಂಸಿ. ನಮ್ಮ ಮಂಗಳೂರಿನಲ್ಲಿ ಮೈಕ್ ಹಿಡಿದ ಒಬ್ಬ ಎಂಸಿ ಇಲ್ಲದಿದ್ದರೆ ಮೆಹಂದಿ ಮೆಹಂದಿಯೇ ಅಲ್ಲ, ರಿಸೆಪ್ಶನ್ ರಿಸೆಪ್ಶನ್ನೇ ಅಲ್ಲ. ಮದುಮಗಳ ಮಾವನನ್ನು ವೇದಿಕೆಗೆ ಎಳೆದು ಕುಣಿಸುವುದು, ಊಟ ತಡವಾದರೆ ಅಡುಗೆಯವರ ಪರವಾಗಿ ಸುಳ್ಳು ಹೇಳುವುದು, ನಡುವೆ ಒಂದಿಷ್ಟು ಮಿಮಿಕ್ರಿ, ಇದು ನನ್ನ ಉದ್ಯೋಗ. ಕೊರೋನಾ ಬಂದದ್ದೇ ಮದುವೆಗಳು ಹೋದವು. ಎಲ್ಲಾದರೂ ಒಂದು ನಡೆದರೂ ಕೈಬೆರಳಿನಷ್ಟು ಜನ, ಅವರ ಮುಖಕ್ಕೂ ಮಾಸ್ಕ್. ನಕ್ಕರೋ ಇಲ್ಲವೋ ತಿಳಿಯುವುದಿಲ್ಲ. ಅಂಥ ಸಭೆಗೆ ಮಿಮಿಕ್ರಿ ಮಾಡುವುದೆಂದರೆ ಗೋಡೆಗೆ ಕಚಗುಳಿ ಇಟ್ಟ ಹಾಗೆ.

ಹಾಗಾಗಿ ಕುಲಶೇಖರದಲ್ಲಿದ್ದ ಒಂದು ಸಹಾಯ ಕೇಂದ್ರಕ್ಕೆ ಹೋದೆ. ಕೆಲಸ ಹುಡುಕುವವರಿಗೂ ಸಣ್ಣ ವ್ಯಾಪಾರಿಗಳಿಗೂ ನೆರವು ನೀಡುವ ಕೇಂದ್ರ ಎಂದು ಬೋರ್ಡು. ಮಹಡಿಯಲ್ಲಿ ಕಚೇರಿ, ಕೆಳಗೆ ಬೀಗ ಹಾಕಿದ ಒಂದು ದೊಡ್ಡ ಕೋಣೆ. ಮುಖ್ಯಸ್ಥರು ದಿವಾಕರ ಸರ್, ಅಂದರೆ ನಮ್ಮ ಸಾಹೇಬರು. ನನ್ನ ಅರ್ಜಿ ನೋಡಿದರು, ನನ್ನನ್ನು ನೋಡಿದರು, “ಹ್ಞಾಂ… ಧ್ವನಿ ಚೆನ್ನಾಗಿ ಉಂಟು. ನೋಡುವ” ಎಂದರು. ಆಯಿತೋ ಇಲ್ಲವೋ ಅರ್ಥವಾಗದೆ ಹೊರಗೆ ನಿಂತಿದ್ದಾಗ ಲವೀನಾ ಬಂದು ಹೆಡ್‌ಫೋನ್ ಕೈಗಿಟ್ಟಳು.

“ನಾಳೆಯಿಂದ ಬಾ. ಫೋನ್ ಮಾಡ್ಲಿಕ್ಕೆ ಜನ ಬೇಕು.”

“ಅವರು ಆಯ್ತು ಅಂತ ಹೇಳಲಿಲ್ಲ ಅಲ್ವಾ?”

“ಬೇಡ ಅಂತಲೂ ಹೇಳಲಿಲ್ಲ. ಅವರು ಅದನ್ನೂ ಹೇಳುವುದಿಲ್ಲ ಮಾರಾಯ. ನಾನು ಬಂದದ್ದೂ ಹೀಗೇ.”

ಲವೀನಾಳನ್ನು ಬಿಟ್ಟರೆ, ಕೆಲಸ ಕೇಳಿಕೊಂಡು ಹೋದವನಿಗೆ ಆ ಕೇಂದ್ರದಿಂದ ಕೆಲಸ ಸಿಕ್ಕಿದ್ದು ಅದೇ ಮೊದಲು. ಬಹಳ ಕಾಲದವರೆಗೆ ಅದೇ ಕೊನೆಯೂ ಆಗಿತ್ತು.

ದಿವಾಕರ ಸರ್ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಕೆಟ್ಟವರಲ್ಲ. ಕೆಟ್ಟವರಾಗಬೇಕಾದರೂ ಒಂದು ನಿರ್ಧಾರ ಬೇಕು. ಬಾಯಲ್ಲಿ ಬಿಸಿ ಇಡ್ಲಿ ಇಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದರು: ಮೊದಲು ಮೂಗಿನಿಂದ ಒಂದು ನಿಟ್ಟುಸಿರು, ಆಮೇಲೆ “ಹ್ಞಾಂ”, ಆಮೇಲೆ ಸ್ವಲ್ಪ ಮೌನ, ಆ ಮೌನದಲ್ಲಿ ನಿಮಗೆ ಏನೋ ದೊಡ್ಡದು ಬರುತ್ತದೆಂಬ ಆಸೆ, ಕೊನೆಗೆ ಬರುವುದು “ನೋಡುವ”. ಇಲ್ಲದಿದ್ದರೆ “ಪರಿಶೀಲನೆಯಲ್ಲಿ ಉಂಟು”. ಅದೂ ಇಲ್ಲದಿದ್ದರೆ “ಮೇಲಿನಿಂದ ಬರಬೇಕು”. ಆಗುತ್ತದೆ ಎಂದರೆ ಸಹಿ ಹಾಕಬೇಕಾಗುತ್ತದೆ, ಆಗುವುದಿಲ್ಲ ಎಂದರೆ ಕಾರಣ ಬರೆಯಬೇಕಾಗುತ್ತದೆ. ಎರಡಕ್ಕೂ ಸಿಗದೆ ಅವರು ಗದ್ದೆಗಳ ನಡುವಿನ ಹುಣಿಯಲ್ಲೇ, ಆ ಸಣ್ಣ ಬದುವಿನ ಮೇಲೆಯೇ, ನಡೆದು ಇಡೀ ಸರ್ವೀಸು ಮುಗಿಸುವ ಹಂತಕ್ಕೆ ಬಂದಿದ್ದರು. ಮಿಮಿಕ್ರಿಯವನಿಗೆ ಇಂಥ ಮೇಲಧಿಕಾರಿ ಸಿಗುವುದು ಪುಣ್ಯ. ಒಂದು ವಾರದಲ್ಲಿ ಅವರ ನಿಟ್ಟುಸಿರು ನನ್ನ ಮೂಗಿಗೆ ಬಂದಿತ್ತು. ಅವರು ಬೇಗ ಮನೆಗೆ ಹೋದ ಸಂಜೆಗಳಲ್ಲಿ ಲವೀನಾಳಿಗೆ ಅವರದ್ದೇ ಧ್ವನಿಯಲ್ಲಿ ಚಹಾ ತರಲು ಹೇಳುತ್ತಿದ್ದೆ. ಅವಳು “ನೋಡುವ ಸರ್” ಎನ್ನುತ್ತಿದ್ದಳು.

ಫೋನ್ ಕೆಲಸದಲ್ಲಿ ಮೊದಲು ನಾನು ಪೂರ್ತಿ ಸೋತೆ. ಆಗ ಯಾರಿಗೆ ಕರೆ ಮಾಡಿದರೂ ಮೊದಲು ಕೆಮ್ಮು, ಆಮೇಲೆ ಕೈ ತೊಳೆಯಿರಿ ಎನ್ನುವ ರೆಕಾರ್ಡಿನ ಧ್ವನಿ. ಅದು ಮುಗಿದು ನಾನು ಎಂಸಿ ಗತ್ತಿನಲ್ಲಿ “ನಮಸ್ಕಾರ, ಸಹಾಯ ಕೇಂದ್ರದ ವತಿಯಿಂದ ತಮಗೆ ಹಾರ್ದಿಕ…” ಎಂದು ಶುರುಮಾಡಿದರೆ, ಇದೂ ಅದೇ ರೆಕಾರ್ಡು ಎಂದು ಜನ ಫೋನ್ ಇಟ್ಟುಬಿಡುತ್ತಿದ್ದರು. ಲವೀನಾ ಹೇಳಿದಳು: “ನೀನು ಅಷ್ಟು ಚಂದ ಮಾತಾಡಬೇಡ. ಸ್ವಲ್ಪ ತೊದಲು. ಮನುಷ್ಯ ಅಂತ ಗೊತ್ತಾಗ್ಲಿ.” ತೊದಲಿದೆ. ಜನ ಮಾತಾಡಿದರು. ಬೈದರು ಕೂಡ, ಆದರೆ ಬೈಯಲು ಲೈನಿನಲ್ಲಿ ಉಳಿದರು. ಕಿರಿಯರೇ, ತರಬೇತಿಯಲ್ಲಿ ಕಲಿಸುವ ಸ್ಪಷ್ಟ ಉಚ್ಚಾರವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನು ನಮ್ಮ ಆನ್‌ಲೈನ್ ಶಿಬಿರಗಳು. ಸಂಕಷ್ಟವನ್ನು ಅವಕಾಶವಾಗಿಸಿಕೊಳ್ಳುವುದು ಹೇಗೆ ಎಂದು ದಿವಾಕರ ಸರ್ ಪರದೆಯ ಮೇಲೆ ವಿವರಿಸುತ್ತಿದ್ದರು. ಕೇಳುವವರು ಬಸ್ ಕಂಡಕ್ಟರ್, ಟೈಲರ್, ಪಾರ್ಲರಿನ ಹುಡುಗಿ, ಬೀಡಿ ಕಟ್ಟುವವರು. ಉಳ್ಳಾಲ ರೂಟಿನ ಒಬ್ಬ ಕಂಡಕ್ಟರ್ ನಡುವೆ ಬಾಯಿ ಹಾಕಿ, “ಸರ್, ಬಸ್ ಯಾವಾಗ ಬಿಡ್ತಾರೆ?” ಎಂದು ಕೇಳಿದ. ಸರ್ “ಹ್ಞಾಂ, ಒಳ್ಳೆಯ ಪ್ರಶ್ನೆ” ಎಂದು ಮುಂದಿನ ಚಿತ್ರಕ್ಕೆ ಹೋದರು. ಅದರಲ್ಲಿ ಒಬ್ಬ ಮನುಷ್ಯ ಬೆಟ್ಟದ ತುದಿಯಲ್ಲಿ ಧ್ವಜ ಹಿಡಿದು ನಿಂತಿದ್ದ. ಯಾರೋ ಮ್ಯೂಟ್ ಮಾಡಲು ಮರೆತದ್ದರಿಂದ ಕುಕ್ಕರಿನ ಸೀಟಿ ಕೇಳಿಸಿತು. ಆ ಇಡೀ ಶಿಬಿರದಲ್ಲಿ ನಮಗೆ ಸಿಕ್ಕ ಉಪಯುಕ್ತ ಮಾಹಿತಿ ಅದೊಂದೇ: ಒಂದು ಮನೆಯಲ್ಲಾದರೂ ಅಕ್ಕಿ ಉಂಟು.

ನಾನೇನೂ ಕಡಿಮೆಯಲ್ಲ. ಅಣಕು ಸಂದರ್ಶನದ ತರಗತಿ ನನಗೆ ಬಿಟ್ಟಿದ್ದರು. ಸಿಡುಕು ಮಾಲಕನ ಪಾತ್ರವನ್ನು ನಾನು ಎಷ್ಟು ಮನಸ್ಸಿಟ್ಟು ಮಾಡಿದೆನೆಂದರೆ ಪಾರ್ಲರಿನ ಆ ಹುಡುಗಿ, “ಇಂಥವರ ಕೈಕೆಳಗೆ ಕೆಲಸವೇ ಬೇಡ” ಎಂದು ಹೆಸರನ್ನೇ ತೆಗೆಸಿದಳು. ಅದನ್ನು ನಾನು ಬಹುಕಾಲ ಪ್ರಶಂಸೆ ಎಂದೇ ತಿಳಿದಿದ್ದೆ.

ಹಮೀದ್ ಕಾಕನ ಪ್ರಕರಣವೂ ನನ್ನದೇ. ಉಳ್ಳಾಲದವರು. ಗಲ್ಫಿನಲ್ಲಿ ಒಂದು ಕಂಪೆನಿಯ ಮೆಸ್ಸಿಗೆ ವರ್ಷಗಟ್ಟಲೆ ಅಡುಗೆ ಮಾಡಿದವರು, ಕಂಪೆನಿ ಮುಚ್ಚಿ ಊರಿಗೆ ಬಂದಿದ್ದರು. ನಮ್ಮ ಕಂಪ್ಯೂಟರಿನಲ್ಲಿ ಕೆಲಸದ ಬಗೆಯನ್ನು ಪಟ್ಟಿಯಿಂದ ಆರಿಸಬೇಕು. ಆ ಪಟ್ಟಿ ಮಾಡಿದವರು ಕಾರ್ಖಾನೆಗಳನ್ನು ಬಿಟ್ಟು ಬೇರೇನನ್ನೂ ಕಂಡವರಲ್ಲ, ಹಾಗಾಗಿ ಅಡುಗೆಯವರು ಎಂಬುದೇ ಅದರಲ್ಲಿ ಇಲ್ಲ. ನಾನು ಬುದ್ಧಿವಂತ. “ಉಷ್ಣ ಸಂಸ್ಕರಣೆ” ಎಂದು ಒಂದಿತ್ತು, ಒತ್ತಿದೆ. ಬೆಂಕಿಯ ಕೆಲಸ ತಾನೆ. ಎರಡೇ ದಿನದಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಕಾರ್ಖಾನೆಯಿಂದ ಅವರಿಗೆ ಫೋನ್ ಬಂತು. ಎಷ್ಟು ಡಿಗ್ರಿಯವರೆಗೆ ನೋಡಿದ್ದೀರಿ ಎಂದು ಕೇಳಿದರಂತೆ. “ಡಿಗ್ರಿ ನೋಡುವುದಿಲ್ಲ, ವಾಸನೆಯಲ್ಲೇ ಗೊತ್ತಾಗ್ತದೆ” ಎಂದರಂತೆ ಕಾಕ. ಭಾರೀ ಅನುಭವಸ್ಥ ಎಂದು ಕರೆಸಿಕೊಂಡರು. ಕಾಕ ಕುಲುಮೆಯ ಮುಂದೆ ನಿಂತು ನನಗೆ ಫೋನ್ ಮಾಡಿದರು. ಕಿರಿಯರೆಲ್ಲ ಅವರಿಗೆ ‘ಮೋನು’, ಅಂದರೆ ಮಗ.

“ಮೋನು, ಇಲ್ಲಿ ಬೇಯಿಸಿದ್ದನ್ನು ತಿನ್ನುವವರು ಯಾರು?”

ಆ ವಾರದ ವರದಿಯಲ್ಲಿ ಅವರ ಹೆಸರು ‘ಉದ್ಯೋಗ ದೊರಕಿಸಲಾಗಿದೆ’ ಎಂಬ ಸಾಲಿನಲ್ಲಿ ಹೋಯಿತು. ಕಾಕ ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದ್ದರು.

ಈಗ ಆ ಅಡುಗೆಮನೆಯ ವಿಷಯ.

ಸುಮತಿಯಕ್ಕ ವಾಮಂಜೂರಿನ ಒಂದು ಕಾಲೇಜಿನ ಒಳಗೆ ಕ್ಯಾಂಟೀನ್ ನಡೆಸುತ್ತಿದ್ದರು. ಬನ್ಸ್, ಗೋಳಿಬಜೆ, ಮಧ್ಯಾಹ್ನ ಊಟ. ಕಾಲೇಜಿಗೆ ಬೀಗ ಬಿದ್ದಾಗ ಅವರ ಒಲೆ, ಪಾತ್ರೆ, ರುಬ್ಬುವ ಯಂತ್ರ ಎಲ್ಲ ಒಳಗೆ ಉಳಿಯಿತು. ಅವರು, ಅವರ ಜತೆ ಕೆಲಸ ಮಾಡುತ್ತಿದ್ದ ಇಬ್ಬರು ಹೆಂಗಸರು ಹೊರಗೆ. ಅಕ್ಕ ಸುಮ್ಮನೆ ಕೂರುವ ಜಾತಿಯಲ್ಲ. ಕುಲಶೇಖರದ ಒಂದು ಫ್ಲ್ಯಾಟಿನ ಸಂಘದವರನ್ನು ಹಿಡಿದು ಮಾತಾಡಿದರು: ಕಾಯಿಲೆ ಬಿದ್ದು ಬಾಗಿಲು ಮುಚ್ಚಿಕೊಂಡ ಮನೆಗಳಿಗೆ, ಒಂಟಿ ಮುದುಕರಿಗೆ, ದಿನವೂ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ. ಸಂಘದವರು ಒಪ್ಪಿದರು. ಸೋಮವಾರದಿಂದ ಶುರು ಆಗಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಅಕ್ಕನಿಗೆ ಎಲ್ಲ ಇತ್ತು, ಬೇಯಿಸಲು ಜಾಗ ಇರಲಿಲ್ಲ. ಬಾಡಿಗೆ ಮನೆಯಲ್ಲಿ ದೊಡ್ಡ ಒಲೆ ಹಚ್ಚಲು ಮನೆಯ ಯಜಮಾನರು ಬಿಡುವುದಿಲ್ಲ.

ನಮ್ಮ ಕಚೇರಿಯ ಕೆಳಗಿನ ಆ ಬೀಗದ ಕೋಣೆ ಇತ್ತಲ್ಲ, ಅದು ತರಬೇತಿ ಅಡುಗೆಮನೆ. ಹೋಟೆಲ್ ಕೆಲಸ ಕಲಿಸಲೆಂದು ಕಟ್ಟಿಸಿದ್ದು. ಉದ್ಘಾಟನೆಯ ದಿನ ಹಾಲು ಉಕ್ಕಿಸಿದ್ದೇ ಅಲ್ಲಿ ಆದ ಮೊದಲ ಮತ್ತು ಕೊನೆಯ ಅಡುಗೆ. ಕಲಿಸುವವರ ನೇಮಕ ಪರಿಶೀಲನೆಯಲ್ಲಿ ಇತ್ತು. ಒಲೆಗಳ ಮೈಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕೂಡ ಹಾಗೇ ಇತ್ತು.

ಅದನ್ನು ಬಳಸಲು ಕೊಡಿ ಎಂದು ಅಕ್ಕ ದಿನಾ ಫೋನ್ ಮಾಡುತ್ತಿದ್ದರು.

“ರಕ್ಷಿತ್, ಒಳಗೆ ಒಲೆ ಉಂಟು, ಹೊರಗೆ ನಾನು ಇದ್ದೇನೆ. ನಡುವೆ ಎಂತ ಉಂಟು?”

“ಪರಿಶೀಲನೆ ಉಂಟು ಅಕ್ಕ.”

“ಅದನ್ನು ಸ್ವಲ್ಪ ಬದಿಗೆ ಸರಿಸ್ಲಿಕ್ಕೆ ಆಗುದಿಲ್ವಾ?”

ಶನಿವಾರ ಸಂಜೆ ಕೊನೆಯ ಸಲ ಮಾಡಿದರು. “ನೀನು ಬೇಡ ಇವತ್ತು, ಸಾಹೇಬರಿಗೇ ಕೊಡು” ಎಂದರು. ಸಾಹೇಬರು ಆಗಲೇ ಮನೆಗೆ ಹೋಗಿದ್ದರು. ಅದನ್ನು ಹೇಳಿ ಮುಗಿಸಬಹುದಿತ್ತು. ಆದರೆ ‘ನೀನು ಬೇಡ’ ಎಂದದ್ದು ನನಗೆ ಚುಚ್ಚಿತು; ಎದುರಿಗೆ ಲವೀನಾ ಬೇರೆ ಇದ್ದಳು, ಅಂದರೆ ಪ್ರೇಕ್ಷಕರು ಇದ್ದರು. “ಒಂದು ನಿಮಿಷ ಅಕ್ಕ” ಎಂದೆ. ಮೂಗಿನಿಂದ ನಿಟ್ಟುಸಿರು ಬಿಟ್ಟೆ. “ಹ್ಞಾಂ… ಹೇಳಿ.”

ಲವೀನಾ ಮಾಸ್ಕಿನ ಮೇಲೆ ಕೈ ಇಟ್ಟುಕೊಂಡಳು.

ನನ್ನ ಯೋಜನೆ ಸರಳ: “ನೋಡುವ” ಎಂದು ಹೇಳಿ ಇಡುವುದು. ನಿಜವಾದ ಸಾಹೇಬರಿದ್ದರೂ ಅದೇ ಆಗುತ್ತಿತ್ತು, ಯಾರಿಗೂ ನಷ್ಟವಿಲ್ಲ. ಆದರೆ ಅಕ್ಕ ಆ ದಿನ ಬೇಡಲಿಲ್ಲ. ಬಹಳ ತಗ್ಗಿದ ಧ್ವನಿಯಲ್ಲಿ ಹೇಳಿದರು:

“ಸರ್, ಆಗ್ತದಾ ಆಗುವುದಿಲ್ಲವಾ, ಒಂದು ಹೇಳಿಬಿಡಿ. ಆಗುವುದಿಲ್ಲ ಅಂದ್ರೂ ಬೇಜಾರಿಲ್ಲ. ಆ ಇಬ್ಬರು ಹೆಂಗಸರು ನನ್ನನ್ನೇ ನಂಬಿ ಕೂತಿದ್ದಾರೆ. ಅವರಿಗೆ ಬೇರೆ ಕಡೆ ನೋಡಿ ಅಂತ ಇವತ್ತೇ ಹೇಳ್ತೇನೆ.”

ಎಂಸಿಯ ಬಾಯಿಗೆ ಒಂದು ರೋಗ ಉಂಟು. ಎದುರಿಗಿರುವವರನ್ನು ಬೇಸರದಲ್ಲಿ ಎಬ್ಬಿಸಿ ಕಳಿಸಲು ಅದಕ್ಕೆ ಬರುವುದಿಲ್ಲ. ಅಡುಗೆ ಆಗಿರದಿದ್ದರೂ “ಊಟ ರೆಡಿ” ಎಂದು ಘೋಷಿಸಿಯೇ ಅದಕ್ಕೆ ಅಭ್ಯಾಸ. ನಾನು ‘ನೋಡುವ’ಕ್ಕೆ ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

“ಹ್ಞಾಂ… ಆಯಿತು. ಸೋಮವಾರ ಬೆಳಿಗ್ಗೆ ಬನ್ನಿ. ಒಲೆ ಹಚ್ಚಿ.”

ಆ ಕಡೆಯಿಂದ ಅಕ್ಕ “ಆಯ್ತಾ ಸರ್?” ಎಂದರು. “ಆಯಿತು” ಎಂದೆ. ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಸುಲಭ.

ಲವೀನಾ ಕೈ ತೆಗೆದು ಹೇಳಿದಳು: “ನೀನು ಸತ್ತೆ.”

ಭಾನುವಾರ ಅಕ್ಕನಿಗೆ ಫೋನ್ ಮಾಡಿ ನಿಜ ಹೇಳಬೇಕೆಂದು ಹಲವು ಸಲ ಮೊಬೈಲ್ ಹಿಡಿದೆ. ಕೆಮ್ಮಿನ ರೆಕಾರ್ಡು ಮುಗಿಯುವಷ್ಟರಲ್ಲಿ ಪ್ರತಿ ಸಲವೂ ಧೈರ್ಯ ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಅವರು ರಿಕ್ಷಾದಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಆ ಇಬ್ಬರು ಹೆಂಗಸರೊಂದಿಗೆ ಬಂದು ಬಾಗಿಲಲ್ಲಿ ನಿಂತಿದ್ದರು. ಲವೀನಾ ಡ್ರಾವರಿನಿಂದ ಕೀಲಿಕೈ ತೆಗೆದು ನನ್ನ ಮೇಜಿನ ಮೇಲೆ ಇಟ್ಟು, ತಾನು ನೋಡಿಲ್ಲ ಎನ್ನುವಂತೆ ಕಿಟಕಿಯ ಕಡೆ ತಿರುಗಿದಳು. ನಾನು ಬೀಗ ತೆಗೆದೆ. ಅಷ್ಟಕ್ಕೆ ನಿಲ್ಲಲಿಲ್ಲ. ಮಾಡಿದ ತಪ್ಪಿಗೆ ಸ್ವಲ್ಪವಾದರೂ ಕಚೇರಿ ಕೆಲಸದ ಬಣ್ಣ ಬರಲಿ ಎಂದು, “ಅಕ್ಕ, ನಮ್ಮಲ್ಲಿ ಒಬ್ಬರು ಅಡುಗೆಯವರು ಇದ್ದಾರೆ. ದೊಡ್ಡ ಪಾತ್ರೆಯ ಅಭ್ಯಾಸ ಉಂಟು” ಎಂದು ಹಮೀದ್ ಕಾಕನನ್ನು ಕರೆಸಿದೆ.

ಕಾಕ ಬಂದವರೇ ಗಂಜಿಯ ಪಾತ್ರೆಗೆ ಇಣುಕಿದರು.

“ಇಷ್ಟು ನೀರಾ? ಇದು ಕಾಯಿಲೆಯವರಿಗಾ, ಮೀನಿಗಾ?”

“ನಿಮ್ಮ ಗಲ್ಫಿನವರಿಗೆ ತುಪ್ಪದಲ್ಲಿ ಮುಳುಗಿಸಿ ಕೊಡಿ. ಇಲ್ಲಿಯವರಿಗೆ ಗಂಟಲಲ್ಲಿ ಇಳೀಬೇಕು” ಎಂದರು ಅಕ್ಕ.

ಅವರಿಬ್ಬರ ಜಗಳ ಅಂದು ಶುರುವಾದದ್ದು ನಿಲ್ಲಲೇ ಇಲ್ಲ. ಗಂಜಿ ಅಕ್ಕನದು, ಮಧ್ಯಾಹ್ನದ ಊಟ ಕಾಕನದು ಎಂದು ತಾವೇ ಗಡಿ ಹಾಕಿಕೊಂಡರು. ಫ್ಲ್ಯಾಟಿನ ಬಾಗಿಲುಗಳ ಮುಂದೆ ಡಬ್ಬಿಗಳು ಹೋಗಿ ಖಾಲಿಯಾಗಿ ಬಂದವು. ಪಕ್ಕದ ಬೀದಿಯವರೂ ಕೇಳಿದರು. ಕೇಂದ್ರ ಶುರುವಾದಂದಿನಿಂದ ನಮ್ಮಿಂದ ನಿಜಕ್ಕೂ ಯಾರಿಗಾದರೂ ಕೆಲಸ ಸಿಕ್ಕಿದ್ದರೆ ಅದು ಆ ವಾರ, ಆ ಕೋಣೆಯಲ್ಲಿ, ಒಂದು ಸುಳ್ಳು ಧ್ವನಿಯ ಮೇಲೆ.

ಸಾಹೇಬರು ಆ ಹೊತ್ತಿಗೆ ಮನೆಯಿಂದ ಕೆಲಸ ಮಾಡುತ್ತಿದ್ದರು. ಕಚೇರಿಯಿಂದ ಮಾಡುವುದಕ್ಕೂ ಅದಕ್ಕೂ ಇರುವ ವ್ಯತ್ಯಾಸ ನಮಗೆ ತಿಳಿಯುತ್ತಿರಲಿಲ್ಲ. ಕೊನೆಗೊಂದು ದಿನ ಬಂದವರು ಮೆಟ್ಟಿಲಲ್ಲೇ ನಿಂತರು. ಮಾಸ್ಕ್ ದಾಟಿ ಒಗ್ಗರಣೆಯ ವಾಸನೆ ಮೂಗು ಸೇರಿತ್ತು.

“ಇದು… ಇದು ಎಂತ?”

“ನೀವೇ ಹೇಳಿದ್ದಲ್ವಾ ಸರ್, ಫೋನಿನಲ್ಲಿ” ಎಂದರು ಅಕ್ಕ, ಸೌಟು ಕೆಳಗಿಡದೆ.

ನಮ್ಮ ಕಚೇರಿಯ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಸೌಜನ್ಯದಿಂದ ಮಾತಾಡುತ್ತೇವೋ ಇಲ್ಲವೋ ಎಂದು ನೋಡಲು. ಸಾಹೇಬರು ಅದನ್ನು ಹಾಕಲು ಹೇಳಿದರು. ಲವೀನಾ ಹಾಕಿದಳು. ನಾನು ಕಿಟಕಿಯ ಬಳಿ ನಿಂತು, ಕೆಳಗೆ ಹಾರಿದರೆ ಕಾಲು ಎಷ್ಟು ಮುರಿಯಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ನಿಟ್ಟುಸಿರು ಬಂತು, ಹ್ಞಾಂ ಬಂತು, ಆಯಿತು ಬಂತು. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕಿಸಿದರು. ಅವರ ಮುಖದಲ್ಲಿ ನಿಧಾನವಾಗಿ ಏನೋ ಅರಳಿತು.

“ಹ್ಞಾಂ… ನಾನೇ. ತುರ್ತಿನ ಹೊತ್ತಿನಲ್ಲಿ ತಗೊಂಡ ನಿರ್ಧಾರ ನೆನಪಿರುವುದಿಲ್ಲ ನೋಡಿ.”

ಮನುಷ್ಯನಿಗೆ ತಾನು ಆಡದ ಒಳ್ಳೆಯ ಮಾತನ್ನು ತನ್ನದೆಂದು ನಂಬಿಸುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅವರು ಆ ರೆಕಾರ್ಡನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡರು. ಪ್ರತಿ ಶಿಬಿರದಲ್ಲೂ ನಾಯಕತ್ವದ ಪಾಠಕ್ಕೆ ಅದನ್ನೇ ಕೇಳಿಸಿದರು. ಧ್ವಜದ ಮನುಷ್ಯನ ಜಾಗಕ್ಕೆ ಅವರದೇ ಫೋಟೋ ಬಂತು. ನಾನು ಬದುಕಿಕೊಂಡೆನಲ್ಲ, ಸಂತೋಷಪಡಬೇಕಿತ್ತು. ಪಡಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿಗೆ ಇನ್ನೊಬ್ಬರು ಚಪ್ಪಾಳೆ ತಗೊಳ್ಳುತ್ತಿದ್ದರು, ಅದೂ ಅಸಲಿ ಮನುಷ್ಯ. ಕಲಾವಿದನ ಹೊಟ್ಟೆಕಿಚ್ಚು ಎಂಬುದು ಕೊರೋನಾಕ್ಕಿಂತ ಬೇಗ ಹರಡುತ್ತದೆ.

ಸೋಂಕು ಇಳಿದು ಮಾಸ್ಕುಗಳು ಗದ್ದಕ್ಕೆ ಇಳಿದ ಕಾಲದಲ್ಲಿ ಮೇಲಿನಿಂದ ಇಬ್ಬರು ಅಧಿಕಾರಿಗಳು ಬಂದರು. ಆ ಅಡುಗೆಮನೆಯನ್ನು ಸುಮತಿಯಕ್ಕನ ಕೈಯಲ್ಲೇ ಮುಂದುವರಿಸುವುದೋ, ತರಬೇತಿಗೆಂದು ಮತ್ತೆ ಬೀಗ ಹಾಕುವುದೋ ಎಂದು ಅಂದು ತೀರ್ಮಾನ ಆಗಬೇಕಿತ್ತು. ಅಕ್ಕನ ಕ್ಯಾಂಟೀನನ್ನು ಅಷ್ಟರಲ್ಲಿ ಕಾಲೇಜಿನವರು ಬೇರೆಯವರಿಗೆ ಕೊಟ್ಟಾಗಿತ್ತು. ಬೀಗ ಬಿದ್ದರೆ ಅಕ್ಕ, ಕಾಕ, ಆ ಇಬ್ಬರು ಹೆಂಗಸರು ಎಲ್ಲರೂ ಮತ್ತೆ ನನ್ನ ಫೋನಿನ ಆ ತುದಿಗೇ. ಅಡುಗೆಮನೆಯಲ್ಲೇ ಒಂದು ಸಣ್ಣ ಸಭೆ. ಪುಕ್ಕಟೆ ಎಂಸಿ ನಾನು.

ಸಾಹೇಬರು ಭಾಷಣ ಮುಗಿಸಿ, ರೆಕಾರ್ಡು ಕೇಳಿಸಿ, ಚಪ್ಪಾಳೆ ತಗೊಂಡು ಕೂತರು. ಊಟ ಸ್ವಲ್ಪ ತಡ ಇತ್ತು. “ನಮ್ಮ ರಕ್ಷಿತ್ ಮಿಮಿಕ್ರಿ ಮಾಡ್ತಾನೆ” ಎಂದು ಅವರೇ ಹೇಳಿದರು. ನಾನು ಕೆಮ್ಮಿನ ರೆಕಾರ್ಡು ಮಾಡಿದೆ, ಕುಣಿಯಲು ಒಲ್ಲದ ಮಾವನನ್ನು ಮಾಡಿದೆ. ಬಂದ ಅಧಿಕಾರಿಗಳಲ್ಲಿ ಒಬ್ಬರು ನಗುತ್ತ, “ನಿಮ್ಮ ಸಾಹೇಬರದ್ದು ಮಾಡ್ತೀರಾ?” ಎಂದರು. ಲವೀನಾ ಹಿಂದಿನಿಂದ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಎಷ್ಟೋ ಕಾಲದ ಮೇಲೆ ನಗುವ ಬಾಯಿಗಳು ನನ್ನ ಕಣ್ಣಿಗೆ ಕಾಣುತ್ತಿದ್ದವು. ನಿಟ್ಟುಸಿರು ಬಿಟ್ಟೆ.

“ಹ್ಞಾಂ… ಆಯಿತು. ಸೋಮವಾರ ಬೆಳಿಗ್ಗೆ ಬನ್ನಿ. ಒಲೆ ಹಚ್ಚಿ.”

ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು ನಗಲಿಲ್ಲ. ಆ ರೆಕಾರ್ಡನ್ನು ಅವರು ಎಷ್ಟು ಸಲ ಕೇಳಿದ್ದರೆಂದರೆ ಅದರ ಉಸಿರುಗಳೂ ಅವರಿಗೆ ಬಾಯಿಪಾಠ. ನನ್ನ ಮುಖವನ್ನೇ ನೋಡಿದರು. ಎದ್ದು ನಿಂತರು. ನಗು ಒಂದೊಂದೇ ಕುರ್ಚಿಯಿಂದ ಇಳಿದುಹೋಯಿತು. ಅವರು ನನ್ನನ್ನು ಏನೂ ಕೇಳದೆ ಒಲೆಯ ಕಡೆ ತಿರುಗಿದರು.

“ಸುಮತಿಯವರೇ, ಆ ದಿನ ಫೋನಿನಲ್ಲಿ ನಿಮಗೆ ಆಯಿತು ಅಂತ ಹೇಳಿದ್ದು ನಾನಾ, ಇವನಾ? ನಾನಲ್ಲ ಅಂತಾದರೆ ಇದು…”

ಇದು ಏನು ಎಂದು ಮುಗಿಸಲಿಲ್ಲ. ಮುಗಿಸುವ ಅಭ್ಯಾಸ ಇಲ್ಲ. ಅಧಿಕಾರಿಗಳು ಪೆನ್ನು ಹಿಡಿದು ಕೂತಿದ್ದರು. ಹಮೀದ್ ಕಾಕ ಮುಚ್ಚಳ ಕೈಯಲ್ಲಿ ಹಿಡಿದೇ ನಿಂತಿದ್ದರು. ನಾನು, ಮಂಗಳೂರಿನ ಅಷ್ಟು ಮದುವೆಗಳಲ್ಲಿ ಒಂದು ಗಳಿಗೆ ಸುಮ್ಮನಿರದ ಬಾಯಿಯವನು, ಮೈಕಿನ ವಯರು ಸುತ್ತುತ್ತಿದ್ದೆ. ಕುಲಶೇಖರದ ಆ ಒಲೆ ಇವತ್ತಿಗೂ ಉರಿಯುತ್ತಿದೆ; ಅದಕ್ಕೆ ಸಾಹೇಬರ ನಾಯಕತ್ವವೂ ಕಾರಣವಲ್ಲ, ನನ್ನ ಮಿಮಿಕ್ರಿಯೂ ಅಲ್ಲ. ಸುಮತಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೇಳಿದ ಮಾತು ಕಾರಣ.

“ಅದನ್ನು ನನ್ನ ಹತ್ರ ಎಂತಕೆ ಕೇಳ್ತೀರಿ ಸರ್? ಆಯಿತು ಅಂದದ್ದು ನೀವಲ್ಲ ಅಂತಾದರೆ, ಆಗುವುದಿಲ್ಲ ಅಂತ ಈಗ ನಿಮ್ಮ ಬಾಯಿಂದ ಒಂದು ಸಲ ಹೇಳಿ. ಇಲ್ಲೇ ಒಲೆ ಆರಿಸ್ತೇನೆ.”